ಹೆಸರಿನ ವ್ಯಾಜ್ಯ

ಒಂದು ಭಾನುವಾರ ಬೆಳಿಗ್ಗೆ, ಎರಡನೆಯ ಲೋಟ ಕಾಫಿಗೆ ಅಡಿಗೆಮನೆಯ ಅಪ್ಪಣೆ ಆದೀತೇ ಎಂದು ಕಾಯುತ್ತ ಕುಳಿತಿದ್ದಾಗ, ಕೊತ್ತತ್ತಿಯಿಂದ ನಮ್ಮಣ್ಣನ ಮೊಮ್ಮಗ ಬಂದ. ಮಂಡ್ಯದಲ್ಲಿ ನೆಲೆಸಿರುವ ನನ್ನಂಥ ಮುದುಕರನ್ನು ಊರಿನ ಹುಡುಗರು ಹುಡುಕಿಕೊಂಡು ಬರುವುದು ಸಾಮಾನ್ಯವಾಗಿ ಎರಡೇ ಕಾರಣಕ್ಕೆ: ಚಂದಾ, ಇಲ್ಲವೆ ಶಿಫಾರಸು. ಇವನು ಬಂದದ್ದು ಎರಡಕ್ಕೂ ಅಲ್ಲ.

‘ತಾತ, ನಮ್ಮ ಕಬಡ್ಡಿ ಟೀಮಿನ ಹೆಸರ್ನ ಟ್ರೇಡ್‌ಮಾರ್ಕ್ ಮಾಡಿಸ್ಬೇಕು. ನೀವು ಗುಮಾಸ್ತಿಕೆ ಮಾಡಿದೋರು, ಅರ್ಜಿ ಗಿರ್ಜಿ ಎಲ್ಲಾ ಗೊತ್ತು’ ಎಂದ.

ನನಗೆ ನಗು ಬಂದಿತು. ಟ್ರೇಡ್‌ಮಾರ್ಕ್ ಎಂಬುದು ಸೋಪಿಗೆ, ಬೀಡಿಗೆ, ಊದುಬತ್ತಿಗೆ ಇರತಕ್ಕದ್ದು ಎಂದು ತಿಳಿದು ಬೆಳೆದವನು ನಾನು. ಕೊತ್ತತ್ತಿಯ ಕಬಡ್ಡಿಗೂ ಅದಕ್ಕೂ ಎಲ್ಲಿಯ ನಂಟು? ಹುಡುಗ ಮಾತ್ರ ನಗಲಿಲ್ಲ. ಊರಿನಲ್ಲಿ ಈಗ ಎರಡು ಗುಂಪುಗಳಾಗಿವೆಯಂತೆ. ಎರಡೂ ‘ಕೊತ್ತತ್ತಿ’ ಎಂದೇ ಅಂಗಿಯ ಬೆನ್ನ ಮೇಲೆ ಅಚ್ಚು ಹಾಕಿಸಿಕೊಂಡಿವೆಯಂತೆ. ಯಾರು ಮೊದಲು ದಾಖಲು ಮಾಡಿಸುತ್ತಾರೋ ಅವರದೇ ಹೆಸರು ಎಂದು ಯಾರೋ ಪುಣ್ಯಾತ್ಮರು ಇವನ ಕಿವಿಯಲ್ಲಿ ಊದಿದ್ದಾರೆ.

ಇದನ್ನು ಹುಡುಗಾಟವೆಂದು ತಳ್ಳಿಹಾಕಲು ನನಗೆ ಬಾಯಿ ಬರಲಿಲ್ಲ. ದೊಡ್ಡವರು ಮಾಡುತ್ತಿರುವುದೂ ಇದನ್ನೇ ಅಲ್ಲವೆ? ಬೆಂಗಳೂರಿನ ಕ್ರಿಕೆಟ್ ತಂಡವನ್ನೇ ನೋಡಿ. 2008ರಲ್ಲಿ ಅದು ಹುಟ್ಟಿದಾಗ ಅದರ ನಾಮಕರಣವಾದದ್ದು ಒಂದು ವಿಸ್ಕಿಯ ಹೆಸರಿನಿಂದ. ನಗರದ ಹೆಸರು 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ‘ಬೆಂಗಳೂರು’ ಆಯಿತು. ತಂಡವು ‘ಬ್ಯಾಂಗಲೋರ್’ ಬಿಟ್ಟು ‘ಬೆಂಗಳೂರು’ ಎಂದು ಬರೆದುಕೊಳ್ಳಲು 2024ರ ಮಾರ್ಚಿಯವರೆಗೆ ಕಾಯಬೇಕಾಯಿತು. ಮರುವರ್ಷ ಬಾಡಿಗೆ ಬೈಕಿನ ಕಂಪನಿಯೊಂದು ತನ್ನ ಜಾಹೀರಾತಿನಲ್ಲಿ ತಂಡದ ಹೆಸರನ್ನು ತಿರುಚಿ ತಮಾಷೆ ಮಾಡಿತೆಂದು ತಂಡದ ಒಡೆಯರು ದೆಹಲಿ ಹೈಕೋರ್ಟಿಗೆ ಹೋದರು. ಆಟದ ಮೈದಾನದ ಹಾಸ್ಯಕ್ಕೆ ಈ ಹಂತದಲ್ಲಿ ತಡೆ ಹಾಕಲಾಗದೆಂದು 2025ರ ಮೇ ತಿಂಗಳಿನಲ್ಲಿ ನ್ಯಾಯಾಲಯ ಹೇಳಿತು.

ಊರಿನ ಮಾತಿರಲಿ, ದೇಶದ ಹೆಸರಿಗೂ ಈ ತಂಟೆ ತಪ್ಪಿಲ್ಲ. ಟೆಲಿವಿಷನ್ ಪ್ರಸಾರದ ಹಕ್ಕಿನ ಒಂದು ಮೊಕದ್ದಮೆಯಲ್ಲಿ ನಮ್ಮ ಕ್ರಿಕೆಟ್ ಮಂಡಳಿಯೇ, ತಾನು ಆರಿಸಿ ಕಳಿಸುವುದು ಮಂಡಳಿಯ ತಂಡವೇ ಹೊರತು ದೇಶದ ಅಧಿಕೃತ ತಂಡವಲ್ಲ ಎಂಬರ್ಥದ ವಾದ ಹೂಡಿತ್ತು. 2005ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ಮೂವರು, ಮಂಡಳಿಯು ಸರ್ಕಾರದ ಅಂಗವಲ್ಲವೆಂದು ತೀರ್ಪಿತ್ತರು; ಇಬ್ಬರು ಒಪ್ಪಲಿಲ್ಲ. ಇಪ್ಪತ್ತು ವರ್ಷದ ಮೇಲೆ ವಕೀಲರೊಬ್ಬರು, ಹಾಗಾದರೆ ಆಕಾಶವಾಣಿ ದೂರದರ್ಶನಗಳು ಇದನ್ನು ‘ಟೀಮ್ ಇಂಡಿಯಾ’ ಎನ್ನಕೂಡದೆಂದು ದೆಹಲಿ ಹೈಕೋರ್ಟಿಗೆ ಅರ್ಜಿ ಹಾಕಿದರು. 2025ರ ಅಕ್ಟೋಬರಿನಲ್ಲಿ ನ್ಯಾಯಾಲಯ ಅದನ್ನು ಕಾಲಹರಣವೆಂದು ವಜಾ ಮಾಡಿತು. ಅಮೆರಿಕದಲ್ಲಂತೂ ‘ಒಲಿಂಪಿಕ್’ ಎಂಬ ಮಾತಿನ ಒಡೆತನವನ್ನೇ ಕಾನೂನು ಆ ದೇಶದ ಒಲಿಂಪಿಕ್ ಸಮಿತಿಗೆ ಬರೆದುಕೊಟ್ಟಿದೆ. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಇವನ್ನೆಲ್ಲ ಹುಡುಗನಿಗೆ ಹೇಳಿದೆ. ಹೇಳುವಾಗ ನನಗೆ 1973 ನೆನಪಾಯಿತು. ಆ ವರ್ಷದ ನವೆಂಬರ್ 1ರಂದು ನಮ್ಮ ಮೈಸೂರು ರಾಜ್ಯ ಕರ್ನಾಟಕವಾಯಿತು. ಅದುವರೆಗೆ ‘ಮೈಸೂರು’ ಎಂದು ಆಡುತ್ತಿದ್ದ ರಣಜಿ ತಂಡ ‘ಕರ್ನಾಟಕ’ವಾಗಿ ಕಣಕ್ಕಿಳಿದು, ಆ ಋತುವಿನಲ್ಲಿಯೇ ಮೊಟ್ಟಮೊದಲ ಬಾರಿಗೆ ಟ್ರೋಫಿ ಗೆದ್ದಿತು. ಅಂದು ಆ ಹೆಸರು ಯಾರದೆಂದು ಯಾರೂ ಕೇಳಲಿಲ್ಲ. ರೇಡಿಯೋ ಇದ್ದ ಮನೆಯ ಜಗಲಿಯ ಮೇಲೆ ಕೂಗಿದವರೆಲ್ಲರದೂ ಆಗಿತ್ತು.

‘ಅದೆಲ್ಲ ಸರಿ ತಾತ, ನಮ್ಮ ಕತೆ ಏನು?’ ಎಂದ ಹುಡುಗ.

ನಾನು ಕನ್ನಡಕ ಹಾಕಿಕೊಂಡು ಗುಮಾಸ್ತನಾದೆ. 1999ರ ಟ್ರೇಡ್‌ಮಾರ್ಕ್ ಕಾಯಿದೆಯಂತೆ, ಬರಿಯ ಊರಿನ ಹೆಸರೊಂದನ್ನೇ ಸಾಮಾನ್ಯವಾಗಿ ಯಾರಿಗೂ ಬರೆದುಕೊಡುವುದಿಲ್ಲ. ಬೇರೆ ಮಾತನ್ನೋ ಚಿತ್ರವನ್ನೋ ಕೂಡಿಸಿ ಅರ್ಜಿ ಹಾಕಬೇಕು. ದಾಖಲಾದರೆ ಹತ್ತು ವರ್ಷಕ್ಕೆ, ಆಮೇಲೆ ಮತ್ತೆ ಹಣ ಕಟ್ಟಿ ಮುಂದುವರಿಸಬೇಕು. ಆದರೆ ಇನ್ನೊಬ್ಬ ದಾಖಲು ಮಾಡಿಸಿದನೆಂಬ ಮಾತ್ರಕ್ಕೆ, ಅವನಿಗಿಂತ ಮೊದಲಿನಿಂದ ಆ ಹೆಸರನ್ನು ಬಿಡದೆ ಬಳಸುತ್ತಿರುವವನನ್ನು ತಡೆಯುವಂತಿಲ್ಲ. ‘ನಿಮ್ಮ ತಂಡ ಹಳೆಯದು ಎನ್ನುವುದಕ್ಕೆ ಪುರಾವೆ ಏನಾದರೂ ಇದೆಯೇನಪ್ಪ?’ ಎಂದೆ.

ಕೇಳಿಯಾದ ಮೇಲೆ ನನ್ನ ನಾಲಗೆ ಒಣಗಿತು. ಪುರಾವೆ ಇದ್ದದ್ದು ನನ್ನ ಬೀರುವಿನಲ್ಲಿ.

1978ರ ಬೇಸಿಗೆ. ನಮ್ಮಣ್ಣ ಆಗ ಊರಿನ ತಂಡದ ಜೀವಾಳ. ಇಡೀ ದಿನ ಕಬ್ಬು ಕಡಿದು, ಸಂಜೆ ರಾಗಿಯ ಕಣದಲ್ಲಿ ಕಬಡ್ಡಿಗೆ ಇಳಿದರೆ, ಅವನ ಉಸಿರು ಮುಗಿಯುವುದನ್ನು ಕಂಡವರಿಲ್ಲ. ನನಗೆ ಆಟ ಬಾರದು. ಅಕ್ಷರ ದುಂಡಗಿತ್ತು, ಎಸ್.ಎಸ್.ಎಲ್.ಸಿ. ಪಾಸಾಗಿತ್ತು, ಆದ್ದರಿಂದ ಕಾರ್ಯದರ್ಶಿಯಾಗಿದ್ದೆ. ಮಂಡ್ಯಕ್ಕೆ ಹೋಗಿ ತಂಡದ ಹೆಸರಿನ ಒಂದು ರಬ್ಬರ್ ಮೊಹರನ್ನು ಮಾಡಿಸಿಕೊಂಡು ಬಂದವನೂ ನಾನೇ. ಅದು ಬಂದ ದಿನದಿಂದ ನನ್ನ ನಡಿಗೆಯೇ ಬದಲಾಯಿತೆಂದು ಅಮ್ಮ ಹೇಳುತ್ತಿದ್ದಳು.

ಬಹುಮಾನದ ಹಣದ ವಿಷಯಕ್ಕೆ ಜಗಳವಾಯಿತು. ಆಡಿದವರಿಗೆ ಹಂಚಬೇಕೆಂದು ಅಣ್ಣ. ಹೊಸ ಬನಿಯನ್ ಹೊಲಿಸಬೇಕೆಂದು ಉಳಿದ ಕೆಲವರು, ಅವರ ಜೊತೆಗೆ ನಾನು. ಆಟಗಾರರಲ್ಲಿ ಗಟ್ಟಿಗರು ಅಣ್ಣನ ಹಿಂದೆ ಹೋದರು. ಮುಂದಿನ ವಾರ ಪಕ್ಕದೂರಿನ ಹಬ್ಬದ ಪಂದ್ಯಕ್ಕೆ ಅರ್ಜಿ ಹಾಕಬೇಕಾಗಿತ್ತು. ಅಣ್ಣ ಬಂದು ಮೊಹರು ಕೇಳಿದ. ನಾನು ಕೊಡಲಿಲ್ಲ. ನಿಯಮ ಗಿಯಮ ಎಂದೆ. ಅವನು ನನ್ನನ್ನು ಒಂದು ಕ್ಷಣ ನೋಡಿ, ‘ಹೆಸರ್ನ ನೀನೇ ಮಡಿಕ್ಕೊಳ್ಲಾ. ಆಟ ನಾವ್ ಆಡ್ತೀವಿ’ ಎಂದು ಹೊರಟುಹೋದ.

ಮೊಹರಿದ್ದ ನಾವು ‘ಕೊತ್ತತ್ತಿ’ಯಾದೆವು. ಅವರನ್ನು ಮೈಕಿನವನು ‘ಇನ್ನೊಂದು ತಂಡ’ ಎಂದು ಕರೆದ. ಎರಡು ತಂಡಗಳೂ ಕಡೆಯ ಆಟದಲ್ಲಿ ಎದುರಾದವು. ಗಾಡಿ ಕಟ್ಟಿಕೊಂಡು ಬಂದಿದ್ದ ನಮ್ಮೂರಿನವರಿಗೆ ಕೂಗಲು ಗೊತ್ತಿದ್ದದ್ದು ಒಂದೇ ಮಾತು. ಅಣ್ಣ ಗೆರೆ ದಾಟಿದಾಗಲೆಲ್ಲ ಅವರು ‘ಕೊತ್ತತ್ತಿ! ಕೊತ್ತತ್ತಿ!’ ಎಂದು ಕೂಗಿದರು. ನಮ್ಮ ಕಡೆಯವರು ಅದು ತಮಗೆಂದು ತಿಳಿದು ಮೊದಮೊದಲು ಬೀಗಿದರು. ಆಮೇಲೆ ತಲೆ ತಗ್ಗಿಸಿದರು. ನಾವು ಸೋತೆವು.

ಷೀಲ್ಡಿನ ಮೇಲೆ ಗೆದ್ದವರ ಹೆಸರು ಬರೆಯುವ ಮೇಷ್ಟರು, ‘ಏನಂತ ಬರೀಲಪ್ಪ?’ ಎಂದು ಅಣ್ಣನನ್ನು ಕೇಳಿದರು. ಅಣ್ಣ ನನ್ನ ಕಡೆ ತಿರುಗಿ ನೋಡಿದ. ಮೊಹರು ನನ್ನ ಜೇಬಿನಲ್ಲಿತ್ತು. ನನ್ನ ಕೈ ಅದರ ಮೇಲಿತ್ತು. ನಾನು ಒಂದು ಮಾತು ಆಡಿದ್ದರೆ ಸಾಕಾಗಿತ್ತು. ಆಡಲಿಲ್ಲ. ಮೇಷ್ಟರು ಇಸವಿಯನ್ನು ಮಾತ್ರ ಬರೆದು, ಹೆಸರಿನ ಜಾಗವನ್ನು ಖಾಲಿ ಬಿಟ್ಟರು.

ಅಣ್ಣ ಮತ್ತೆ ಕಣಕ್ಕಿಳಿಯಲಿಲ್ಲ. ನನ್ನೊಡನೆ ಮಾತು ಬಿಟ್ಟನೆಂದು ತಿಳಿಯಬೇಡಿ; ನನ್ನ ಮದುವೆಗೆ ಚಪ್ಪರ ಹಾಕಿದವನು ಅವನು, ಪ್ರತಿ ಸಂಕ್ರಾಂತಿಗೂ ಕಬ್ಬು ಬೆಲ್ಲ ಕಳಿಸಿದವನು ಅವನು. ಆ ದಿನದ ಮಾತನ್ನು ಮಾತ್ರ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತೋಣವೆಂದು ನಾನು ನಿರ್ಧರಿಸುವ ಹೊತ್ತಿಗೆ ಅವನೇ ಇರಲಿಲ್ಲ.

ಬೀರುವಿನಿಂದ ಮೊಹರನ್ನು ತಂದು ಮೇಜಿನ ಮೇಲಿಟ್ಟೆ. ರಬ್ಬರು ಒಣಗಿ ಬಿರಿದಿತ್ತು. ಮಸಿಗೆ ಒತ್ತಿ ಕಾಗದದ ಮೇಲೆ ಊರಿದರೆ ಮೊದಲ ಎರಡಕ್ಷರ ಮಾತ್ರ ಮೂಡಿದವು. ಹುಡುಗನಿಗೆ ಅಷ್ಟೇ ಸಾಕಾಯಿತು. ಫೋನಿನಲ್ಲಿ ಅದರ ಚಿತ್ರ ಹಿಡಿದುಕೊಂಡ. ನಾನು ಷೀಲ್ಡಿನ ಕತೆಯನ್ನೂ ಬಿಡದೆ ಹೇಳಿದೆ. ಇನ್ನೊಂದು ಗುಂಪಿನ ಹುಡುಗರನ್ನೂ ಕರೆದು ಕೂರಿಸಿ, ಅರ್ಜಿಗೆ ಮೊದಲು ಅವರಿಗೂ ಈ ಕತೆ ಹೇಳೆಂದೆ. ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಕಾಫಿ ಬಂದಿತು, ಕುಡಿದ.

ಹೊರಡುವಾಗ ಮೊಹರನ್ನು ಕರವಸ್ತ್ರದಲ್ಲಿ ಸುತ್ತಿಕೊಳ್ಳುತ್ತ, ‘ಇದು ನಿಮ್ದೇ ಅಲ್ವಾ ತಾತ?’ ಎಂದ.

‘ನನ್ನ ಹತ್ತಿರ ಇತ್ತು, ಮಗು. ನಿಮ್ಮ ತಾತನದು’ ಎಂದೆ.