ತಂದೆಯವರ ಅಂಬಾಸಿಡರ್

ರಾಮಕುಂಜದ ನಮ್ಮ ಮನೆಯಂಗಳದ ಬದಿಯ ಶೆಡ್ಡಿನಲ್ಲಿ ತಂದೆಯವರ 1970ರ ಅಂಬಾಸಿಡರ್ ಮಾರ್ಕ್ 2 ವರ್ಷಗಟ್ಟಲೆ ನಿಂತೇ ಇತ್ತು. ನಿವೃತ್ತಿಯ ಬಳಿಕ ಅದನ್ನು ಮತ್ತೆ ರಸ್ತೆಗಿಳಿಸುವ ಆಸೆ ಚಿಗುರಿತು. ನಮ್ಮ ಮಳೆಗಾಲವನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಅಡಿಯ ತಗಡು ತುಕ್ಕು ಹಿಡಿದು ಜರಡಿಯಾಗಿತ್ತು.

ಹೊಸ ತಗಡನ್ನು ಬೆಸುಗೆ ಹಾಕಿಸಿದೆ. 1489 ಸಿ.ಸಿ. ಎಂಜಿನ್ನು, ಸ್ಟಿಯರಿಂಗಿನ ಬದಿಯ ಗೇರು ಹಾಗೆಯೇ ಉಳಿದವು. ಡೈನಮೋ, ಡ್ರಮ್ ಬ್ರೇಕುಗಳೂ ಉಳಿಯಬೇಕೆಂಬುದು ನನ್ನ ಹಟ. ತಂದೆಯವರ ಕೈ ತಾಗಿದ ಒಂದು ತಿರುಪನ್ನೂ ಬದಲಿಸಲು ಮನಸ್ಸಿರಲಿಲ್ಲ.

ಆಟಿ ತಿಂಗಳ ಒಂದು ಸಂಜೆ ಮೊಮ್ಮಗಳೊಡನೆ ಉಪ್ಪಿನಂಗಡಿಯಿಂದ ಮರಳುತ್ತಿದ್ದೆ. ವೇಗ ತಗ್ಗಿಸಿದೊಡನೆ ಡೈನಮೋ ಸೋತು ದೀಪ ಮಂಕಾಯಿತು. ಮುಂದಿನ ಇಳಿಜಾರಿನಲ್ಲಿ ನೀರು ಹೊಕ್ಕ ಬ್ರೇಕು ಹಿಡಿಯಲಿಲ್ಲ. ಗೇರು ಇಳಿಸಿ, ಚರಂಡಿಯ ಅಂಚಿನಲ್ಲಿ ಹೇಗೋ ನಿಲ್ಲಿಸಿದೆ. ಮಗು ನಗುತ್ತಿತ್ತು, ನನ್ನ ಕೈ ನಡುಗುತ್ತಿತ್ತು.

"ಮಾಸ್ಟ್ರೇ, ನಾನು ಮೊದಲೇ ಹೇಳಿದ್ದೆನಲ್ಲ" ಎಂದರು ಮೆಕ್ಯಾನಿಕ್. ಆಲ್ಟರ್ನೇಟರ್, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಸೀಟ್ ಬೆಲ್ಟುಗಳು ಬಂದವು.

2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿ ಮೂಲರೂಪದಲ್ಲಿರುವ ಕಾರಿಗೆ 'ವಿಂಟೇಜ್' ನೋಂದಣಿ ದೊರೆಯುತ್ತದೆ. ಆದರೆ ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆ ಗೌರವ ನಮಗೆ ಬೇಡವೆನಿಸಿತು. ಹಾಗೆ ಕಾಪಾಡಿದ ಕಾರುಗಳನ್ನು ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಕಂಡು ಸಂತೋಷಪಡುತ್ತೇನೆ. ತಂದೆಯವರಾದರೋ ಕಾರು ಕೊಂಡದ್ದು ಮನೆಮಂದಿಯನ್ನು ಕ್ಷೇಮವಾಗಿ ಮನೆ ಸೇರಿಸುವುದಕ್ಕೆ. ಆ ಕೆಲಸವನ್ನು ಅದು ಇಂದಿಗೂ ಮಾಡುತ್ತಿದೆ.