ಸ್ಪ್ಯಾನಿಷಿನ ‘ಸೆ’, ಕನ್ನಡದ ‘ಕೊಳ್ಳು’

ನಾಮಪದಗಳನ್ನು ಬಾಯಿಪಾಠ ಮಾಡಿ ಕಲಿಯಬಹುದು. ಒಂದು ಭಾಷೆಯ ಸ್ವಭಾವ ತಿಳಿಯುವುದು ಅದರ ಕ್ರಿಯಾಪದಗಳಲ್ಲಿ. ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ವ್ಯಾಕರಣವನ್ನು ಬೋಧಿಸಿದ ನನಗೆ ಈ ಮಾತು ಮತ್ತೊಮ್ಮೆ ಮನದಟ್ಟಾದದ್ದು ನಿವೃತ್ತಿಯ ನಂತರ, ಸ್ಪ್ಯಾನಿಷ್ ಭಾಷೆಯ ದೆಸೆಯಿಂದ.

ಅಮೆರಿಕದಲ್ಲಿ ಬೆಳೆಯುತ್ತಿರುವ ನನ್ನ ಮೊಮ್ಮಗಳು ಶಾಲೆಯಲ್ಲಿ ಸ್ಪ್ಯಾನಿಷನ್ನು ಆರಿಸಿಕೊಂಡಿದ್ದಾಳೆ. ಮನೆಯಲ್ಲಿ ಆಡುವ ಕನ್ನಡ ಅವಳ ಓದಿಗೆ ಯಾವ ಪ್ರಯೋಜನಕ್ಕೂ ಬಾರದೆಂಬ ಭಾವನೆ ಆ ಮನೆಯಲ್ಲಿ ಮೆಲ್ಲನೆ ಬೇರೂರುತ್ತಿತ್ತು. ಒಂದು ಭಾನುವಾರ ಅವಳು ದೂರವಾಣಿಯಲ್ಲಿ ಕೇಳಿದಳು: “ತಾತ, ‘ಲಬಾರ್’ ಅಂದ್ರೂ ತೊಳೆಯೋದು, ‘ಲಬಾರ್ಸೆ’ ಅಂದ್ರೂ ತೊಳೆಯೋದು. ಮತ್ತೆ ಆ ‘ಸೆ’ ಯಾಕೆ?”

“ತಟ್ಟೆಯನ್ನು ಏನು ಮಾಡ್ತೀಯ?”

“ತೊಳೀತೀನಿ.”

“ಕೈಯನ್ನು?”

“ತೊಳ್ಕೋತೀನಿ.”

“ಆ ‘ಕೋ’ ಇದೆಯಲ್ಲ, ಅದೇ ನಿನ್ನ ‘ಸೆ’, ಮಗು.”

ಕ್ರಿಯೆಯ ಫಲ ಮಾಡಿದವನಿಗೇ ಮರಳಿದಾಗ ಕನ್ನಡವು ‘ಕೊಳ್ಳು’ ಎಂಬುದನ್ನು ಸೇರಿಸುತ್ತದೆ. ಸ್ಪ್ಯಾನಿಷ್ ಆ ಕೆಲಸವನ್ನು ಸರ್ವನಾಮದಿಂದ ಮಾಡಿಸುತ್ತದೆ: ‘ನಾನು’ ಎಂದಾಗ ‘ಮೆ’, ‘ನೀನು’ ಎಂದಾಗ ‘ತೆ’, ‘ನಾವು’ ಎಂದಾಗ ‘ನೋಸ್’, ಅವನು, ಅವಳು, ಅವರು ಎಂದಾಗ ‘ಸೆ’. ‘ಮೆ ಲಾಬೊ ಲಾಸ್ ಮಾನೊಸ್’ ಎಂದರೆ ‘ಕೈ ತೊಳೆದುಕೊಳ್ಳುತ್ತೇನೆ’. ಯಾರ ಕೈ ಎಂದು ಇಂಗ್ಲಿಷ್ ಹೇಳಿಯೇ ತೀರಬೇಕು. ಸ್ಪ್ಯಾನಿಷಿಗೂ ಕನ್ನಡಕ್ಕೂ ಆ ‘ನನ್ನ’ ಬೇಕಿಲ್ಲ.

ಇನ್ನೂ ಸೊಗಸಾದ ಜೋಡಿಯೊಂದಿದೆ. ‘ಕೆದಾನ್ ದೋಸ್’ ಎಂದರೆ ಎರಡು ಉಳಿದಿವೆ. ‘ಮೆ ಕೆದೊ’ ಎಂದರೆ ನಾನು ಇಲ್ಲಿಯೇ ಉಳಿದುಕೊಳ್ಳುತ್ತೇನೆ. ಉಳಿಯುವುದು ಮಿಕ್ಕದ್ದು, ಉಳಿದುಕೊಳ್ಳುವುದು ಮನಸ್ಸು ಮಾಡಿದ್ದು. ‘ಅಕೊರ್ದಾರ್’ ಎಂದರೆ ಒಡಂಬಡುವುದು. ಅದಕ್ಕೆ ‘ಸೆ’ ಸೇರಿ ‘ಅಕೊರ್ದಾರ್ಸೆ’ ಆದಾಗ ನೆನಪಿಸಿಕೊಳ್ಳುವುದು.

ಆದರೆ ಎಲ್ಲ ‘ಸೆ’ಗಳಿಗೂ ‘ಕೊಳ್ಳು’ ಒಗ್ಗುವುದಿಲ್ಲವೆಂದೂ ಅವಳಿಗೆ ಹೇಳಿದೆ. ‘ಈರ್’ ಹೋಗುವುದು, ‘ಈರ್ಸೆ’ ಹೊರಟುಹೋಗುವುದು. ‘ಕೊಮೇರ್’ ತಿನ್ನುವುದು, ‘ಕೊಮೇರ್ಸೆ’ ಪೂರ್ತಿ ತಿಂದುಬಿಡುವುದು. ಅಲ್ಲಿ ಒಂದೇ ‘ಸೆ’ ಹೊರುವ ಭಾರವನ್ನು ನಮ್ಮಲ್ಲಿ ಕೊಳ್ಳು, ಹೋಗು, ಬಿಡು ಎಂಬ ಮೂವರು ಹಂಚಿಕೊಂಡಿದ್ದಾರೆ. ಮರೆತಾಗ ಸ್ಪೇನಿನವರು ‘ಸೆ ಮೆ ಓಲ್ಬಿದೊ’ ಎನ್ನುತ್ತಾರೆ. ‘ನನಗೆ ಮರೆತುಹೋಯಿತು’ ಎಂಬುದೇ ಅದರ ಸರಿಯಾದ ಕನ್ನಡ. ಮರೆವು ತಾನಾಗಿ ಸಂಭವಿಸಿತು, ನನ್ನ ಪಾಲಿಗೆ ಬಂದಿತು, ಅಷ್ಟೆ. ಮನೆಪಾಠ ತಾರದ ಹುಡುಗರು ನನ್ನ ಮುಂದೆ ನಿಂತು ‘ಮರ್ತೋಯ್ತು ಸಾರ್’ ಎನ್ನುತ್ತಿದ್ದರೇ ಹೊರತು ‘ಮರೆತೆ’ ಎಂದವರು ವಿರಳ!

ಸಂಸ್ಕೃತ ಬಲ್ಲ ಓದುಗರಿಗೆ ಇಷ್ಟರಲ್ಲಿ ಆತ್ಮನೇಪದದ ನೆನಪಾಗಿರಬೇಕು. ಋತ್ವಿಜನು ಅನ್ಯರಿಗಾಗಿ ಯಜ್ಞ ಮಾಡಿದರೆ ‘ಯಜತಿ’. ಫಲವು ತನಗಾಗಬೇಕೆಂದು ಯಜ್ಞದಲ್ಲಿ ತೊಡಗಿದವನಿಗೆ ‘ಯಜತೇ’. ನಾವು ದಿನವೂ ಬಳಸುವ ‘ಯಜಮಾನ’ ಎಂಬ ಶಬ್ದ ಆ ಆತ್ಮನೇಪದದ ಕೂಸು. ಸ್ಪ್ಯಾನಿಷಿನ ‘ಸೆ’ ಲ್ಯಾಟಿನಿನಿಂದ ಬಂದದ್ದು. ಸಂಸ್ಕೃತದ ‘ಸ್ವ’ ಅದರ ದೂರದ ದಾಯಾದಿ. ನಮ್ಮ ‘ಕೊಳ್ಳು’ ಬೇರೆಯೇ ಮನೆತನದ್ದು. ತೆಗೆದುಕೊಳ್ಳುವುದು, ಕ್ರಯಕ್ಕೆ ಪಡೆಯುವುದು ಎಂಬ ತನ್ನ ಅರ್ಥವನ್ನೇ ಹಿಗ್ಗಿಸಿ ಅದು ಅದೇ ಕೆಲಸಕ್ಕೆ ನಿಂತಿದೆ.

ಪರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಓದುಗರಲ್ಲಿ ನನ್ನದೊಂದು ವಿನಂತಿ. ಮನೆಯೊಳಗೆ ಕನ್ನಡವನ್ನೇ ಆಡಿರಿ. ಇಂಗ್ಲಿಷ್ ಒಂದನ್ನೇ ಬಲ್ಲ ಸಹಪಾಠಿಗಳು ಹೊಸದಾಗಿ ಕಲಿಯಬೇಕಾದ ಒಂದು ಭೇದವನ್ನು ನನ್ನ ಮೊಮ್ಮಗಳು ಮೂರನೆಯ ವಯಸ್ಸಿನಲ್ಲಿ, ಅಡಿಗೆಮನೆಯ ನಲ್ಲಿಯ ಮುಂದೆ, ಯಾರೂ ಪಾಠ ಹೇಳದೆಯೇ ಕಲಿತಿದ್ದಳು. ಅದು ತನ್ನಲ್ಲಿದೆಯೆಂದು ಅವಳಿಗೆ ತೋರಿಸಿಕೊಡುವವರೊಬ್ಬರು ಬೇಕಿತ್ತು. ಈಗ ಪ್ರತಿ ವಾರ ಒಂದು ಹೊಸ ಕ್ರಿಯಾಪದವನ್ನು ತಂದು, “ಇದಕ್ಕೆ ಕನ್ನಡದಲ್ಲಿ ಏನಂತೀವಿ ತಾತ?” ಎಂದು ಅವಳೇ ಕೇಳುತ್ತಾಳೆ.