ಮುದ್ದೆ ಕಿರಿದು, ಸಾರು ಹಿರಿದು

ಬೆಂಗಳೂರಿನಿಂದ ಶಿವಮೊಗ್ಗದ ರೈಲು ಹಿಡಿದವರಿಗೆ ಅರಸೀಕೆರೆ ದಾಟಿದ ಮೇಲೆ ಕಿಟಕಿಯಾಚೆ ತೆಂಗಿನ ತೋಟಗಳು ಜೊತೆಯಾಗುತ್ತವೆ. ಕಡೂರು ಹತ್ತಿರವಾಯಿತೆಂದು ಲೆಕ್ಕ. ಕಡೂರು ಬಿಟ್ಟರೆ ಬೀರೂರು ಜಂಕ್ಷನ್. ಅಲ್ಲಿ ಹಳಿ ಎರಡಾಗಿ ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೂ ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೂ ಹೋಗುತ್ತದೆ. ಮೂರೂ ಒಂದೇ ಜಿಲ್ಲೆಯ, ನೆರೆಹೊರೆಯ ಊರುಗಳು. ಆದರೆ ಕಡೂರು ಮಳೆ ಕಡಿಮೆಯ ಬಯಲುಸೀಮೆ, ತರೀಕೆರೆ ಮಲೆನಾಡಿನ ಹೊಸ್ತಿಲು. ಮಳೆ ಬದಲಾದಂತೆ ತಟ್ಟೆಯೂ ಬದಲಾಗುತ್ತದೆ.

ಈ ಕಡೆ ಬರುವವರು ಸಾಮಾನ್ಯವಾಗಿ ಕೆಮ್ಮಣ್ಣುಗುಂಡಿ, ಕಲ್ಹತ್ತಿಗಿರಿ ನೋಡಲು ಬರುತ್ತಾರೆ. ನಾನು ಬಂದದ್ದು ಅಡುಗೆಮನೆಗಳನ್ನು ನೋಡಲು. ಕಡೂರಿನ ನಮ್ಮ ಭಾವನಿಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಗಿತ್ತು. "ನಿನ್ನ ಭಾವ ಊಟದ ಮೇಲೆ ಮುನಿಸಿಕೊಂಡಿದ್ದಾರೆ ಕಣೆ, ಒಂದು ಸಲ ಬಂದು ಹೋಗು" ಎಂದು ಅಕ್ಕ ಫೋನು ಮಾಡಿದ್ದಳು.

ಕಡೂರು: ರಾಗಿಯ ಲೆಕ್ಕ

ಮುನಿಸಿಗೆ ಕಾರಣವಿತ್ತು. ಕಾಯಿಲೆ ಗೊತ್ತಾದ ದಿನ ಯಾರೋ "ಅನ್ನ ಬಿಡಿ, ರಾಗಿ ಎಷ್ಟು ಬೇಕಾದರೂ ತಿನ್ನಿ" ಎಂದಿದ್ದರಂತೆ. ಭಾವನಿಗೆ ಅದಕ್ಕಿಂತ ಸಿಹಿ ಸುದ್ದಿ ಬೇಕೆ? ಹೊತ್ತಿಗೆ ಎರಡರಂತೆ ದೊಡ್ಡ ಮುದ್ದೆ ನಡೆದೇ ಇತ್ತು. ಸಕ್ಕರೆ ಮಾತ್ರ ಇಳಿಯಲಿಲ್ಲ. ಕೊನೆಗೆ ಬೇಸತ್ತ ಅಕ್ಕ ಮುದ್ದೆಯನ್ನೇ ನಿಲ್ಲಿಸಿದಳು. ಮುದ್ದೆ ಹೋದ ತಟ್ಟೆಯ ಮುಂದೆ ಭಾವ ಮಾತೇ ಆಡುತ್ತಿರಲಿಲ್ಲ.

ಅಕ್ಕನ ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕವನ್ನು ಮುಂದಿಟ್ಟುಕೊಂಡು ಅವಳೇ ಲೆಕ್ಕ ಹಾಕಿದಳು. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಪಿಷ್ಟ, ಅಂದರೆ ಪಾಠಪುಸ್ತಕದ ಕಾರ್ಬೋಹೈಡ್ರೇಟ್, ಸುಮಾರು 78 ಗ್ರಾಂ. ರಾಗಿಯಲ್ಲಿ ಸುಮಾರು 67 ಗ್ರಾಂ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶವಂತೂ ಬಹಳ ಹೆಚ್ಚು. ಆದರೆ ಪಿಷ್ಟದ ಲೆಕ್ಕದಲ್ಲಿ ಅದು ಅಕ್ಕಿಯ ತಮ್ಮನೇ ಹೊರತು ದೂರದ ನೆಂಟನಲ್ಲ. ನೂರು ಗ್ರಾಂ ಹಿಟ್ಟಿನ ಎರಡು ಮುದ್ದೆ ಎಂದರೆ 134 ಗ್ರಾಂ ಪಿಷ್ಟ ಒಂದೇ ಊಟದಲ್ಲಿ.

"ಮುದ್ದೆ ಬಿಡುವುದು ಬೇಡಮ್ಮ, ಚಿಕ್ಕದು ಮಾಡೋಣ" ಎಂದಳು ಹುಡುಗಿ. ಐವತ್ತು ಗ್ರಾಂ ಹಿಟ್ಟಿನ ಒಂದೇ ಮುದ್ದೆ. ಖಾಲಿಯಾದ ಜಾಗಕ್ಕೆ ಬಸ್ಸಾರು. ಬಸ್ಸಾರಿನ ಸೊಗಸು ಬಲ್ಲವರೇ ಬಲ್ಲರು. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಮೊದಲು ಎರಡು ಸೌಟು ಪಲ್ಯ ತಿಂದು, ಆಮೇಲೆ ಮುದ್ದೆ ಮುರಿಯಬೇಕೆಂಬುದು ಮಗಳ ಕಟ್ಟಳೆ. ಸೊಪ್ಪು, ಕಾಳು ಮೊದಲು ಹೊಟ್ಟೆ ಸೇರಿದರೆ ಸಕ್ಕರೆ ಒಮ್ಮೆಲೇ ಏರದು. ಊಟವಾಗಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿ ಅವಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು: ಎರಡು ದೊಡ್ಡ ಮುದ್ದೆಯ ದಿನ 262, ಒಂದು ಚಿಕ್ಕ ಮುದ್ದೆಯ ದಿನ 178. ಆ ಎರಡು ಅಂಕಿ ನೋಡಿದ ಮೇಲೆ ಭಾವ ವಾದಿಸಲಿಲ್ಲ.

ಎಲ್ಲ ಪ್ರಯೋಗವೂ ಗೆಲ್ಲಲಿಲ್ಲ ಎನ್ನಿ. ಹೂಕೋಸು ತುರಿದು, ಸಾಸಿವೆ, ಕಡಲೆಬೇಳೆ, ಶೇಂಗಾ ಒಗ್ಗರಣೆಯಲ್ಲಿ ಬಾಡಿಸಿ, ಅರಿಶಿನ ಹಾಕಿ, ನಿಂಬೆ ಹಿಂಡಿ ಅವಳು "ಚಿತ್ರಾನ್ನ" ಮಾಡಿದಳು. ನೂರು ಗ್ರಾಂ ಹೂಕೋಸಿನ ಪಿಷ್ಟ 5 ಗ್ರಾಂ ದಾಟುವುದಿಲ್ಲ. ಭಾವ ಒಂದು ತುತ್ತು ತಿಂದು ಕೇಳಿದರು: "ಪಲ್ಯ ಚೆನ್ನಾಗಿದೆ ಮಗಳೆ, ಅನ್ನ ಎಲ್ಲಿ?" ಮರುದಿನ ಅವಳು ಅದಕ್ಕೇ ಒಂದು ಹಿಡಿ ಅನ್ನ ಬೆರೆಸಿದಳು. ತಟ್ಟೆ ಖಾಲಿಯಾಯಿತು. ನೀವೂ ಮಾಡುವುದಾದರೆ ನೀರು ಹಾಕಬೇಡಿ, ಮುಚ್ಚಿ ಬೇಯಿಸಬೇಡಿ, ಮುದ್ದೆಯಾಗಿಬಿಡುತ್ತದೆ!

ಅಜ್ಜಂಪುರ: ಎತ್ತಿನ ಪಾಠ

ಮರುದಿನ ಬೀರೂರಿನಿಂದ ಅಜ್ಜಂಪುರಕ್ಕೆ ಹೋದೆ. ಹಿಂದೆ ತರೀಕೆರೆ ತಾಲ್ಲೂಕಿನಲ್ಲಿದ್ದ ಈ ಊರು ಈಗ ತಾನೇ ತಾಲ್ಲೂಕು ಕೇಂದ್ರ. ಸುತ್ತ ಈರುಳ್ಳಿ ಬೆಳೆಯುವ ಹೊಲಗಳು. ಊರಿಗೆ ಹೆಸರು ತಂದಿರುವುದು ಇಲ್ಲಿನ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ. ಮೈಸೂರು ಅರಸರ "ಬೆಣ್ಣೆ ಚಾವಡಿ"ಯಿಂದ ಬಂದ ದನಗಳಿವು; ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ. ಹಾಲಿಗಿಂತ ದುಡಿಮೆಗೆ, ಓಟಕ್ಕೆ ಹೆಸರಾದ ತಳಿ.

ಇಲ್ಲಿರುವ ನಮ್ಮ ಸೋದರತ್ತೆಗೆ ಎಂಬತ್ತು ದಾಟಿದೆ. ಭಾವನ ಕಥೆ ಕೇಳಿ ನಕ್ಕರು. "ನಿಮ್ಮ ಮಾವ ಎರಡು ಮುದ್ದೆ ಉಣ್ತಿದ್ದರು ಹೌದು. ಉಂಡು ಸಂಜೆತನಕ ನೇಗಿಲ ಹಿಂದೆ ನಡೀತಿದ್ದರು. ನಿನ್ನ ಭಾವ ಉಂಡು ಎಲ್ಲಿಗೆ ನಡೀತಾರೆ, ಟೀವಿ ಮುಂದಕ್ಕಾ? ಕಟ್ಟಿದ ಎತ್ತಿಗೂ ದುಡಿಯೋ ಎತ್ತಿಗೂ ಒಂದೇ ಮೇವು ಹಾಕ್ತಾರೇನು?"

ಇಡೀ ವಿಷಯದ ತಿರುಳು ಅತ್ತೆಯ ಈ ಮಾತಿನಲ್ಲಿದೆ ಅನ್ನಿಸಿತು. ನಮ್ಮ ಊಟದಲ್ಲಿ ಕೆಟ್ಟದ್ದೇನೂ ಇಲ್ಲ. ಅದರ ಅಳತೆ ದುಡಿಮೆಯ ಅಳತೆಯಾಗಿತ್ತು. ದುಡಿಮೆ ಕುರ್ಚಿಗೆ ಬಂತು, ಅಳತೆ ಹೊಲದಲ್ಲೇ ಉಳಿಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಮಧುಮೇಹವಿದೆ ಎಂದು ಅಂದಾಜು ಮಾಡಿತು. ಹಳ್ಳಿಗಳೂ ಆ ಲೆಕ್ಕದ ಹೊರಗಿಲ್ಲ.

ಅತ್ತೆ ಮಾತಾಡುತ್ತಲೇ ರೊಟ್ಟಿ ತಟ್ಟುತ್ತಿದ್ದರು. ಎರಡು ಲೋಟ ಅಕ್ಕಿಹಿಟ್ಟಿನ ಜಾಗದಲ್ಲಿ ಈಗ ಒಂದು ಲೋಟ. ಎರಡು ಗಂಟೆ ನೆನೆಸಿ ತರಿತರಿಯಾಗಿ ರುಬ್ಬಿದ ಅರ್ಧ ಲೋಟ ಹೆಸರುಬೇಳೆ, ನೀರು ಹಿಂಡಿದ ಎರಡು ಲೋಟ ಸೋರೆಕಾಯಿ ತುರಿ, ಕೈತುಂಬ ಸಬ್ಬಸಿಗೆ ಸೊಪ್ಪು, ಈರುಳ್ಳಿ, ಹಸಿಮೆಣಸು, ಜೀರಿಗೆ, ಉಪ್ಪು. ಹಿಟ್ಟು ಕಡಿಮೆಯಾದರೆ ರೊಟ್ಟಿ ಮುರಿಯುತ್ತದೆ. ರುಬ್ಬಿದ ಬೇಳೆ ಅದನ್ನು ಹಿಡಿದಿಡುತ್ತದೆ. ಬಾಳೆಲೆಯ ಮೇಲೆ ತಟ್ಟಿ, ಕಾವಲಿಗೆ ಹಾಕಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಿಸಬೇಕು. ಹಳೆಯ ರೊಟ್ಟಿಯ ಗರಿ ಇದಕ್ಕಿಲ್ಲ. ರುಚಿಗೆ ಮೋಸವಿಲ್ಲ.

ತರೀಕೆರೆ: ಕಡುಬಿನ ತಂಗಿ

ಅಜ್ಜಂಪುರದಿಂದ ಬಸ್ಸಿನಲ್ಲಿ ತರೀಕೆರೆಗೆ ಬಂದರೆ ನೋಟವೇ ಬೇರೆ. ಅಡಿಕೆ ತೋಟ, ಗದ್ದೆ, ಆಚೆಗೆ ನೀಲಿ ಬೆಟ್ಟ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಈ ತಾಲ್ಲೂಕಿನದೇ. ಇಲ್ಲಿ ಅಕ್ಕಿಯದೇ ರಾಜ್ಯಭಾರ: ಬೆಳಿಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ.

ನನ್ನ ಕಾಲೇಜು ಗೆಳತಿ ಇಲ್ಲಿಗೆ ಸೇರಿದ ಸೊಸೆ. ಹುಟ್ಟಿದ್ದು ಮೈಸೂರಿನ ಕಡೆ. ಅತ್ತೆಗೆ ಸಕ್ಕರೆ ಕಾಯಿಲೆ, ಕಡುಬಿಲ್ಲದೆ ಬೆಳಗಾಗದು. ಗೆಳತಿ ತವರಿನ ನುಚ್ಚಿನುಂಡೆಯನ್ನು ಕಡುಬಿನ ಪಾತ್ರೆಗೆ ತಂದಳು. ತೊಗರಿಬೇಳೆ, ಕಡಲೆಬೇಳೆ ನೆನೆಸಿ ತರಿಯಾಗಿ ರುಬ್ಬಿ, ತೆಂಗಿನ ತುರಿ, ಸಬ್ಬಸಿಗೆ, ಶುಂಠಿ, ಹಸಿಮೆಣಸು ಕಲಸಿ ಉಂಡೆ ಕಟ್ಟಿ ಕಾಲು ಗಂಟೆ ಹಬೆಯಲ್ಲಿ ಬೇಯಿಸಿದರೆ ಮುಗಿಯಿತು. ಅಕ್ಕಿ ಒಂದು ಕಾಳೂ ಇಲ್ಲ. ಜೊತೆಗೆ ಮಜ್ಜಿಗೆಹುಳಿ. ಎರಡು ನುಚ್ಚಿನುಂಡೆಯ ಪಕ್ಕ ಒಂದೇ ಒಂದು ಕಡುಬು ಎಂದು ಅತ್ತೆ ಸೊಸೆಯರ ಒಪ್ಪಂದವಾಗಿದೆ. ಬೇಳೆಯಲ್ಲೂ ಪಿಷ್ಟವಿದೆ, ಹತ್ತು ಉಂಡೆ ತಿಂದರೆ ಲೆಕ್ಕ ಮೊದಲಿನಷ್ಟಕ್ಕೇ ಬರುತ್ತದೆ. ಆದರೆ ಬೇಳೆಯ ಪ್ರೋಟೀನು, ನಾರು ಹಸಿವನ್ನು ಬೇಗ ತಣಿಸುತ್ತವೆ. ಹತ್ತು ತಿನ್ನಲು ಆಗುವುದಿಲ್ಲ.

ಮಧ್ಯಾಹ್ನ ಮೂವರೂ ಅಮೃತಾಪುರಕ್ಕೆ ಹೋದೆವು. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಕಟ್ಟಿದ ಅಮೃತೇಶ್ವರ ದೇವಾಲಯ. ಪ್ರಾಕಾರದ ಸುತ್ತ ನಾಲ್ಕು ಸಲ ನಡೆದ ಗೆಳತಿಯ ಅತ್ತೆ ಹೇಳಿದರು: "ದೇವರಿಗೆ ಒಂದು ಸುತ್ತು, ಡಾಕ್ಟರಿಗೆ ಮೂರು."

ಒಂದು ಎಚ್ಚರಿಕೆ

ಓದುವ ಮಕ್ಕಳೇ, ಇದನ್ನು ನೋಡಿ ನೀವು ಅನ್ನ, ಮುದ್ದೆ ಬಿಡಬೇಡಿ. ಬೆಳೆಯುವ, ಓಡಾಡುವ ವಯಸ್ಸಿಗೆ ಅದು ಬೇಕು. ನೀವು ಕಡಿಮೆ ಮಾಡಬೇಕಾದದ್ದು ಬೇಕರಿಯ ಪಫ್ಸು, ಬಾಟಲಿಯ ತಂಪು ಪಾನೀಯ. ತಂದೆತಾಯಿಯರಿಗೂ ಒಂದು ಮಾತು: ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಊಟ ಇಳಿಸಬಾರದು. ಔಷಧಿ ಅಷ್ಟೇ ಇದ್ದು ಊಟ ಅರ್ಧವಾದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೂತ್ರಪಿಂಡದ ತೊಂದರೆ ಇರುವವರು ಬೇಳೆಕಾಳು ಹೆಚ್ಚಿಸುವ ಮೊದಲೂ ಕೇಳಬೇಕು.

ವಾಪಸು ಬರುತ್ತ ಕಡೂರಿನಲ್ಲಿ ಇಳಿದೆ. ಅತ್ತೆಯ ಎತ್ತಿನ ಮಾತು ಭಾವನಿಗೆ ಮುಟ್ಟಿಸಿದೆ. ಅವರು ನಗಲಿಲ್ಲ; ಊಟವಾದ ಮೇಲೆ ಚಪ್ಪಲಿ ಮೆಟ್ಟಿ ಬೀದಿಗಿಳಿದರು. ಮಗಳು ಜೊತೆಗೆ ಹೋದಳು. ಅಡುಗೆಮನೆಯಲ್ಲಿ ಅಕ್ಕ ಮುದ್ದೆಯ ಪಾತ್ರೆ ತೊಳೆಯುತ್ತಿದ್ದಳು. ಕೋಲು ಹಳೆಯದೇ, ಪಾತ್ರೆ ಮಾತ್ರ ಹೊಸದು, ಚಿಕ್ಕದು.